ಮುಖ ತೊಳೆಯುವ ನೀರು

ಜನವರಿ ೯

ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ ಎಂದು ಶುರು ಮಾಡುವುದು ಪದ್ಧತಿ. ನನ್ನ ಮೊಣಕಾಲು ಚೆನ್ನಾಗಿಲ್ಲ. ನಿನ್ನ ವಿಷಯ ಗೊತ್ತಿಲ್ಲ. ಫೋನ್ ಮಾಡಿದರೆ ನಿನ್ನ ಹೆಂಡತಿ ಎತ್ತಿಕೊಂಡು "ಅವರು ಹೊರಗೆ ಹೋಗಿದ್ದಾರೆ" ಎನ್ನುತ್ತಾಳೆ, ಹಿಂದಿನಿಂದ ನಿನ್ನ ಕೆಮ್ಮು ಕೇಳುತ್ತದೆ. ಅದಕ್ಕೇ ಈ ಕಾಗದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕಣ್ಣು ಕಿರಿದು ಮಾಡಿಕೊಂಡು ಓದು.

ಕೆಲಸವಿದೆ, ಬರೆಯುತ್ತಿದ್ದೇನೆ. ಬೇರೆ ಏನೂ ಅಂದುಕೊಳ್ಳಬೇಡ.

ಲಾಂಡ್ರಿಯವರು ಜೂನ್ ತಿಂಗಳಿಗೆ ನನ್ನನ್ನು ಮನೆಗೆ ಕಳಿಸುತ್ತಾರೆ. ನನ್ನ ಜಾಗಕ್ಕೆ ಮನುಷ್ಯರು ಬರುವುದಿಲ್ಲ, ಕಂಪ್ಯೂಟರ್ ಬರುತ್ತದೆ. ವಾಲ್ವುಗಳಿಗೆಲ್ಲ ಮೋಟಾರು ಕೂರಿಸಿ ಆಗಿದೆ. ಬೆಳಗ್ಗೆ ಐದಕ್ಕೆ ಬಾಯ್ಲರಿನ ಹಬೆಯನ್ನು ಇಸ್ತ್ರಿ ಹಾಲಿಗೆ ಬಿಡುವ ಕೆಲಸವನ್ನು ಇನ್ನು ಅದೇ ಮಾಡುತ್ತದಂತೆ. ಅದಕ್ಕೆ ಕಲಿಸಬೇಕಾದವಳು ನಾನಂತೆ. ಕಂಪನಿ ಕಳಿಸಿದ ಇಂಜಿನಿಯರಮ್ಮ ಒಬ್ಬಳು ಬಂದಿದ್ದಾಳೆ, ಮುಖಕ್ಕಿಂತ ಕನ್ನಡಕವೇ ದೊಡ್ಡದು.

"ನಂಗೆ ಕಂಪ್ಯೂಟರ್ ಎಲ್ಲ ಬರಲ್ಲಮ್ಮ" ಎಂದೆ.

"ಬರೋದೇ ಬೇಡ. ಹೊಸಬರಿಗೆ ಹೇಗೆ ಕಲಿಸ್ತೀರೋ ಹಾಗೇ ಬಾಯಲ್ಲಿ ಹೇಳಿ. ಅದು ಕೇಳ್ಕೊಂಡು ಹೆಜ್ಜೆ ಹೆಜ್ಜೆಯಾಗಿ ಬರ್ಕೊಳ್ಳುತ್ತೆ. ಅರ್ಥ ಆಗದೇ ಇದ್ರೆ ನಿಮ್ಮನ್ನೇ ಕೇಳುತ್ತೆ" ಎಂದಳು.

"ಹೊಸಬರಿಗೆ ನಾನು ಬೈದೇ ಕಲಿಸೋದು."

"ಬೈಯಿರಿ, ಏನಾಯ್ತೀಗ?"

ಬೈದೇ ಕಲಿಸಿದೆ. ಪರದೆಯ ಮೇಲೆ ಬಂತು ನೋಡು: "ಹೆಜ್ಜೆ ಮೂರು: ದೊಡ್ಡ ವಾಲ್ವನ್ನು ಅರ್ಧ ಸುತ್ತು ತಿರುಗಿಸುವುದು. ಹೆಜ್ಜೆ ನಾಲ್ಕು: ಕತ್ತೆ ಎನ್ನುವುದು." ಕೆಳಗೆ ಒಂದು ಪ್ರಶ್ನೆ ಬೇರೆ: "ನಾಲ್ಕನೆಯ ಹೆಜ್ಜೆ ಪ್ರತಿದಿನವೂ ಬೇಕೇ?" ಇಸ್ತ್ರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅದಕ್ಕೆ ಮೊದ್ದು ಎಂದು ಹೆಸರಿಟ್ಟಿದ್ದೇವೆ.

ಈಗ ವಿಷಯ. ಮೊನ್ನೆ ಮೊದ್ದು ಕೇಳಿತು: "ಈ ಕೆಲಸ ಎಂದಾದರೂ ಕೆಟ್ಟಿದೆಯೇ?" ಒಂದು ಸಲ ಎಂದೆ. ಹನ್ನೊಂದು ವರ್ಷದ ಹಿಂದೆ, ಸೋಮವಾರ, ಅಮ್ಮ ಆಸ್ಪತ್ರೆಯಲ್ಲಿ ಇದ್ದಳು, ನಾನು ರಜೆ ಹಾಕಿದ್ದೆ, ನನ್ನ ತಮ್ಮ ಹಬೆ ಬಿಟ್ಟ, ಪೈಪಿನ ಮೂಲೆ ಸೀಳಿ ಅವನ ಬಲಗೈ ಬೆಂದಿತು. "ಅವರು ಏನು ಮಾಡಿದ್ದರು?" ವಾಲ್ವನ್ನು ಒಮ್ಮೆಗೇ ತೆರೆದಿದ್ದ ಎಂದೆ. "ನೀವು ನೋಡಿದಿರಾ?"

ಇಲ್ಲ ಎನ್ನಬೇಕಾಯಿತು. ಆ ಜಾಗವನ್ನು ಖಾಲಿ ಬಿಟ್ಟು, "ಮಾಡಿದವರಿಂದಲೇ ತಿಳಿಯಬೇಕು" ಎಂದು ಬರೆದುಕೊಂಡಿದೆ. ಅದು ತುಂಬದೆ ಪಾಠ ಮುಗಿಯುವುದಿಲ್ಲ. ಬೆಳಗ್ಗೆ ಐದಕ್ಕೆ ಆ ಪೈಪಿನ ಪಕ್ಕದಲ್ಲಿ ಇಪ್ಪತ್ತೆರಡು ಜನ ಹೆಂಗಸರು ನಿಂತಿರುತ್ತಾರೆ. ಯಂತ್ರಕ್ಕೆ ತಪ್ಪು ಕಲಿಸಿ ಹೋಗಲು ನನಗೆ ಇಷ್ಟವಿಲ್ಲ.

ಅವತ್ತು ನೀನು ಏನು ಮಾಡಿದೆ, ಬರೆ. ನಿಜ ಬರೆ.

ಅಕ್ಕ


ಫೆಬ್ರವರಿ ೨

ಅಕ್ಕನಿಗೆ,

ಹೇಳುತ್ತಿರುವುದು ನಾನು, ಬರೆಯುತ್ತಿರುವುದು ನನ್ನ ಹೆಂಡತಿ. ನನಗೆ ಬಸ್ ನಿಲ್ದಾಣದಲ್ಲಿ ಸಾಮಾನು ಇಟ್ಟುಕೊಳ್ಳುವ ಕೋಣೆಯಲ್ಲಿ ಕೆಲಸ. ಎಡಗೈಯಲ್ಲಿ ಟೋಕನ್ ಕೊಡುವುದನ್ನು ಕಲಿತಿದ್ದೇನೆ, ಬರೆಯುವುದು ಬಂದಿಲ್ಲ.

ನಿಜವನ್ನು ಅವತ್ತೇ ವಿಚಾರಣೆಯಲ್ಲಿ ಹೇಳಿದ್ದೆ. ನೀನು ಕಲಿಸಿದ ಹಾಗೇ ಮಾಡಿದೆ ಎಂದೆ. ನೀನು ಎದ್ದು ನಿಂತು, ಮ್ಯಾನೇಜರ್ ಮುಂದೆ, ಇಸ್ತ್ರಿಯವರ ಮುಂದೆ, "ಸುಳ್ಳು ಬೊಗಳಬೇಡ" ಎಂದೆ. ಎಲ್ಲವನ್ನೂ ಕಲಿಸಿದ್ದೇನೆ, ಏನನ್ನೂ ಬಿಟ್ಟಿಲ್ಲ ಎಂದು ಸಹಿ ಹಾಕಿದೆ. ಆ ಸಹಿಯ ಮೇಲೆ ನನ್ನನ್ನು ಕೆಲಸದಿಂದ ತೆಗೆದರು. ಈಗ ಯಂತ್ರ ಕೇಳಿತು ಎಂದು ನನ್ನ ನೆನಪಾಯಿತೇ?

ಆ ಯಂತ್ರಕ್ಕೆ ಒಂದು ಮಾತು ಹೇಳು. ಕೆಲಸ ಶುರುವಾಗುವ ಮುಂಚೆ ನೀನು ಏನೇನು ಮಾಡುತ್ತೀಯ ಎಂದು ಕೇಳಲಿ. ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಬೈಯುತ್ತಿದ್ದೆ.

ತಮ್ಮ

ಅತ್ತಿಗೆ, ಇದು ನನ್ನ ಮಾತು. ಅವರು ಹೊರಗೆ ಹೋಗಿದ್ದಾರೆ ಎಂದು ನಾನು ಹೇಳುವುದು ಅವರು ಎದುರಿಗೆ ಕೂತು ಕೈಸನ್ನೆ ಮಾಡುವುದರಿಂದ. ನನ್ನ ಮೇಲೆ ಕೋಪ ಬೇಡ. ಕೆಮ್ಮಿಗೆ ಔಷಧಿ ಕೊಡಿಸಿದ್ದೇನೆ.


ಫೆಬ್ರವರಿ ೧೧

ತಮ್ಮನಿಗೆ,

ನಾನು ಕೇಳಿದ್ದು ಒಂದು, ನೀನು ಬರೆದಿದ್ದು ಇನ್ನೊಂದು. ಚಿಕ್ಕಂದಿನಿಂದ ಇದೇ ಚಾಳಿ.

ಕೆಲಸದ ಮುಂಚೆ ಏನು ಮಾಡುತ್ತೇನೆ ಎಂದು ತಿಳಿಯಬೇಕೇ? ತಗೋ. ಹಿಂದಿನ ಗೇಟಿನಿಂದ ಬರುತ್ತೇನೆ. ಬಟ್ಟೆ ಬದಲಾಯಿಸುತ್ತೇನೆ. ಮುಖ ತೊಳೆಯುತ್ತೇನೆ. ತಲೆಗೆ ಬಟ್ಟೆ ಕಟ್ಟುತ್ತೇನೆ. ಇದನ್ನೂ ಮೊದ್ದುಗೆ ಕಲಿಸಲೇ? ಅದಕ್ಕೆ ತೊಳೆಯಲು ಮುಖ ಎಲ್ಲಿದೆ?

ಮೂವತ್ತೊಂದು ವರ್ಷ ಆ ವಾಲ್ವನ್ನು ನಾನು ತೆರೆದಿದ್ದೇನೆ. ಒಂದೇ ಒಂದು ದಿನ ಪೈಪು ಕಮಕ್ ಕಿಮಕ್ ಎಂದಿಲ್ಲ. ನೀನು ಒಂದು ಸೋಮವಾರ ಮುಟ್ಟಿದೆ, ಸೀಳಿತು. ಯಾರಾದರೂ ಏನು ತಿಳಿಯಬೇಕು ಹೇಳು.

ಅರ್ಧ ಸುತ್ತು, ಅರವತ್ತು ಎಣಿಸು, ಪೈಪು ಹಾಡಿದ ಮೇಲೆ ಇನ್ನರ್ಧ. ಇಷ್ಟೇ ವಿದ್ಯೆ. ನಿನಗೆ ಯಾವಾಗಲೂ ಅವಸರ. ಅವಸರಪಟ್ಟೆ ಎಂದು ಒಂದು ಸಾಲು ಬರೆದುಬಿಡು, ಮುಗಿಯಿತು.

ಅಕ್ಕ


ಮಾರ್ಚ್ ೬

ತಮ್ಮನಿಗೆ,

ಒಂದು ತಿಂಗಳಾಗುತ್ತಾ ಬಂತು, ಉತ್ತರವಿಲ್ಲ. ಅಂಚೆಯವನು ಬೀದಿಯ ತುದಿಯಲ್ಲಿ ಕಾಣಿಸಿದರೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊಣಕಾಲು ಬೇರೆ.

ಮೊದ್ದು ನನ್ನ ಪ್ರಾಣ ತಿನ್ನುತ್ತಿದೆ. "ಸ್ವಲ್ಪ ಕಾಯಬೇಕು" ಎಂದರೆ, "ಸ್ವಲ್ಪ ಎಂದರೆ ಎಷ್ಟು ಸೆಕೆಂಡು?" "ಪೈಪು ಹಾಡುವವರೆಗೆ" ಎಂದರೆ, "ಹಾಡನ್ನು ಕೇಳಿಸಿ." ಕನ್ನಡಕದವಳು ಪೈಪಿಗೆ ಮೈಕು ಕಟ್ಟಿದಳು. ಹಬೆ ಸರಿಯಾಗಿ ಹೋಗುವಾಗ ಬರುವ ಆ ಸಣ್ಣ ಸಿಳ್ಳೆ ಇದೆಯಲ್ಲ, ಅದನ್ನು ಹತ್ತು ದಿನ ಕೇಳಿಸಿದೆ. ಈಗ ಅದು ಮೈಕಿನಲ್ಲಿ ಕೇಳಿಕೊಂಡು ತಾನೇ ತೆರೆಯುತ್ತದೆ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೇನೆ. ಸೋಮವಾರವೂ ತೆರೆದಿದೆ. ಏನೂ ಆಗಿಲ್ಲ. ನಿಜ ಹೇಳಬೇಕೆಂದರೆ ನಿನಗಿಂತ ಬೇಗ ಕಲಿಯಿತು.

ಈ ಸಾಲನ್ನು ಹೊಡೆದುಹಾಕೋಣ ಎಂದುಕೊಂಡೆ. ಇರಲಿ ಬಿಡು.

ಮ್ಯಾನೇಜರ್ ಒಂದು ಕಾಗದ ತಂದಿದ್ದ. "ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದ್ದೇನೆ, ಏನನ್ನೂ ಬಿಟ್ಟಿಲ್ಲ" ಎಂದು ಬರೆದಿತ್ತು. ಸಹಿ ಹಾಕಿ ಎಂದ. ಅವೇ ಮಾತುಗಳು. ಪೆನ್ನು ಹಿಡಿದೆ. ಪೆನ್ನು ಬರೆಯುತ್ತಿಲ್ಲ ಎಂದೆ. "ಬರೀತಾ ಇದೆಯಲ್ಲಮ್ಮ, ಇಲ್ನೋಡಿ" ಎಂದು ಅಂಗೈ ಮೇಲೆ ಗೀಚಿ ತೋರಿಸಿದ. ಮನೆಗೆ ತಗೊಂಡು ಹೋಗಿ ಹಾಕುತ್ತೇನೆ ಎಂದು ತಂದಿದ್ದೇನೆ. ಗಡಿಯಾರದ ಹಿಂದೆ ಇದೆ.

ಈ ತಿಂಗಳ ಕೊನೆಯ ಸೋಮವಾರ ಪರೀಕ್ಷೆ. ಅವತ್ತು ನಾನು ಏನನ್ನೂ ಮುಟ್ಟುವಂತಿಲ್ಲ, ಎಲ್ಲ ಅದೇ ಮಾಡಬೇಕು. ಅಷ್ಟರೊಳಗೆ ಆ ಖಾಲಿ ಜಾಗ ತುಂಬಬೇಕು. ಅಮ್ಮ ಹೋದ ದಿನವೂ ನೀನು ಆ ಗೋಡೆ, ನಾನು ಈ ಗೋಡೆ ಹಿಡಿದು ನಿಂತಿದ್ದೆವು. ಈಗಲಾದರೂ ಬಾಯಿ ಬಿಡು.

ಬೈಯುವುದಿಲ್ಲ.

ಅಕ್ಕ


ಮಾರ್ಚ್ ೧೭

ಅಕ್ಕನಿಗೆ,

ಬೈಯುವುದಿಲ್ಲ ಎಂದು ನೀನು ಬರೆದಿದ್ದನ್ನು ಇವಳು ನನಗೆ ಎರಡು ಸಲ ಓದಿ ಹೇಳಿದಳು.

ಅವತ್ತು ನಾಲ್ಕೂವರೆಗೆ ಮುಂದಿನ ಗೇಟಿನಿಂದ ಬಂದೆ. ನೇರವಾಗಿ ಬಾಯ್ಲರ್ ಕೋಣೆಗೆ ಹೋದೆ. ಮುಳ್ಳು ನೋಡಿದೆ, ಒತ್ತಡ ಸರಿಯಿತ್ತು. ದೊಡ್ಡ ವಾಲ್ವನ್ನು ಅರ್ಧ ಸುತ್ತು ತೆರೆದೆ. ಅರವತ್ತು ಎಣಿಸಿದೆ. ಪೈಪು ಹಾಡಲಿಲ್ಲ. ಒಳಗೆ ಯಾರೋ ನೀರು ತುಂಬಿದ ಕೊಡ ಉರುಳಿಸಿದ ಹಾಗೆ ಸದ್ದು ಬಂತು. ಅದಕ್ಕೆ ಮುಂಚೆ ಆ ಸದ್ದನ್ನು ಕೇಳಿರಲಿಲ್ಲ. ನಿನ್ನ ರಜೆಯಲ್ಲಿ ಎಷ್ಟೋ ಸಲ ತೆರೆದಿದ್ದೆ, ಆದರೆ ಸೋಮವಾರ ಅದೇ ಮೊದಲು. ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣವೇ ಎಂದು ನಿಂತೆ. "ಇಷ್ಟೂ ಗೊತ್ತಿಲ್ವೇನೋ ಕತ್ತೆ" ಎನ್ನುತ್ತೀಯ ಎಂದು ಗೊತ್ತಿತ್ತು. ಫೋನ್ ಮಾಡಲಿಲ್ಲ. ಹಾಡು ಬರದಿದ್ದರೆ ಇನ್ನೊಮ್ಮೆ ಎಣಿಸಿ ತೆರೆ ಎಂದು ನೀನೇ ಹೇಳಿಕೊಟ್ಟಿದ್ದೆ, ಇನ್ನೊಮ್ಮೆ ಅರವತ್ತು ಎಣಿಸಿದೆ. ಆಮೇಲೆ ಇನ್ನರ್ಧ ಸುತ್ತು.

ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದು ಪೆಟ್ಟು ಕೇಳಿತು. ಪೈಪು ಗೋಡೆಯಿಂದ ಕಿತ್ತು ಅಲ್ಲಾಡಿತು. ವಾಲ್ವು ಮುಚ್ಚಿ ಇಸ್ತ್ರಿ ಹಾಲಿಗೆ ಓಡಿದೆ. ಪೈಪಿನ ಮೂಲೆಯ ಕೆಳಗೆ ಒಬ್ಬಳು ಬಗ್ಗಿ ಚಾದರ ಮಡಿಸುತ್ತಿದ್ದಳು. ಅವಳನ್ನು ಎಳೆದೆ. ಎರಡನೆಯ ಪೆಟ್ಟಿಗೆ ಸೀಳಿತು.

ವಾಲ್ವಿನ ಹತ್ತಿರ ಇರಬೇಕಾದ ಕೈ ಹಾಲಿನಲ್ಲಿ ಹೇಗೆ ಬೆಂದಿತು ಎಂದು ಅವತ್ತು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ನೀನು ನಂಬಬೇಕಾಗಿಲ್ಲ. ಯಂತ್ರಕ್ಕೆ ಓದಿ ಹೇಳು. ಅದಕ್ಕೆ ನನ್ನ ಮೇಲೆ ಕೋಪವಿಲ್ಲ.

ತಮ್ಮ


ಏಪ್ರಿಲ್ ೨

ತಮ್ಮನಿಗೆ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಅಕ್ಷರ ಸಾಲು ಬಿಟ್ಟು ಓಡುತ್ತದೆ. ಹೇಗಾದರೂ ಓದಿಸಿಕೊ.

ನಿನ್ನ ಕಾಗದವನ್ನು ಮೊದ್ದುಗೆ ಓದಿ ಹೇಳಿದೆ. "ಕೊಡ ಉರುಳಿದ ಸದ್ದು ಎಂದರೆ ಪೈಪಿನೊಳಗೆ ನೀರಿತ್ತೇ?" ಎಂದು ಕೇಳಿತು. ಸಾಧ್ಯವಿಲ್ಲ ಎಂದೆ. ಹಬೆ ತಣ್ಣಗಾಗಿ ನೀರಾದರೂ ಅದನ್ನು ತಾನಾಗಿ ಹೊರಗೆ ಬಿಡಲು ಪೈಪಿನ ಕೊನೆಯಲ್ಲಿ ಒಂದು ಕಬ್ಬಿಣದ ಡಬ್ಬಿ ಇದೆ, ನೀರು ನಿಲ್ಲುವುದಿಲ್ಲ ಎಂದೆ. ಬರೆದುಕೊಂಡಿತು.

ಪರೀಕ್ಷೆಯ ದಿನ ಇಸ್ತ್ರಿಯವರನ್ನೆಲ್ಲ ಹಾಲಿನಿಂದ ಹೊರಗೆ ಅಂಗಳಕ್ಕೆ ಕಳಿಸಿದೆ. "ಕತ್ತಲಲ್ಲಿ ಯಾಕೆ ನಿಲ್ಲಿಸ್ತೀರಿ, ನಿಮ್ಮ ಮೊದ್ದು ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದು ಗೊಣಗಿದರು. ನಿನ್ನನ್ನು ನಂಬಿದೆ ಎಂದಲ್ಲ. ನಿನ್ನ ಕಾಗದದಲ್ಲಿದ್ದ ಆ ಬಗ್ಗಿದವಳು ಮನಸ್ಸಿನಿಂದ ಹೋಗಲಿಲ್ಲ, ಅಷ್ಟೇ.

ಅವತ್ತು ಕಂಪನಿಯ ಕಾರು ಮನೆಗೇ ಬಂದಿತ್ತು. ಒಳ್ಳೆಯ ಬಟ್ಟೆ ಹಾಕಿಕೊಂಡು ಮುಂದಿನ ಗೇಟಿನಿಂದ ಹೋಗಿ, ಪರದೆಯ ಮುಂದೆ ಕುರ್ಚಿಯಲ್ಲಿ ಕೂತೆ. ಐದು ಗಂಟೆ. ಅರ್ಧ ಸುತ್ತು. ಹಾಡಿಲ್ಲ. ಸ್ಪೀಕರಿನಲ್ಲಿ ಬಂತು ನೋಡು ಆ ಸದ್ದು. ಕೊಡ ಉರುಳಿದ ಹಾಗೇ, ನೀನು ಬರೆದ ಹಾಗೇ. ಮೊದ್ದು ನಿಂತಿತು. "ಕೊಡ ಉರುಳುವ ಸದ್ದು ಕೇಳುತ್ತಿದೆ. ಮುಂದುವರಿಸಬೇಕೇ?" ಎಂದು ಕೇಳಿತು.

ಮ್ಯಾನೇಜರ್ ನನ್ನ ಮುಖ ನೋಡಿದ. ಕನ್ನಡಕದವಳು ನೋಡಿದಳು. ನಾನು ಏನು ಹೇಳಿದೆ ಗೊತ್ತೇ?

"ಮೂವತ್ತೊಂದು ವರ್ಷದಲ್ಲಿ ಏನೂ ಆಗಿಲ್ಲ. ಮುಂದುವರಿಸೋ ಕತ್ತೆ."

ಪೆಟ್ಟು ಬಿತ್ತು. ಇನ್ನೊಂದು ಬಿತ್ತು. ಅದೇ ಮೂಲೆ ಸೀಳಿತು. ಹಾಲಿನಲ್ಲಿ ಒಬ್ಬರೂ ಇರಲಿಲ್ಲ. ಮಡಿಸಿಟ್ಟ ಚಾದರಗಳೆಲ್ಲ ನೆಂದು ತೊಪ್ಪೆಯಾದವು, ಗೋಡೆಯ ಗಾರೆ ಉದುರಿತು, ಅಷ್ಟೇ. ಹಬೆ ಹೋದ ಮೇಲೆ ಆ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

"ಇಂದು ಏನು ಬೇರೆಯಾಗಿತ್ತು?" ಎಂದು ಮೊದ್ದು ಕೇಳಿತು. ಏನೂ ಇಲ್ಲ, ಎಲ್ಲ ಹೇಳಿದ ಹಾಗೇ ಆಯಿತು ಎಂದೆ. ಸುಧಾರಿಸಿಕೊಳ್ಳೋಣ ಎಂದು ಮುಖ ತೊಳೆಯಲು ಹಿಂದಕ್ಕೆ ಹೋದೆ.

ನನ್ನ ಬಕೆಟ್ ಬೋರಲು ಬಿದ್ದಿತ್ತು. ಒಣಗಿತ್ತು.

ಆ ಪೈಪಿನ ಬಾಲದಲ್ಲಿ ಡಬ್ಬಿಯ ಪಕ್ಕ ಒಂದು ಸಣ್ಣ ನಲ್ಲಿ ಇದೆ, ನಿನಗೆ ನೆನಪಿರಲಾರದು. ಹಿಂದಿನ ಗೇಟಿನಿಂದ ಬಂದರೆ ಮೊದಲು ಸಿಗುವುದೇ ಅದು. ದಿನಾ ಬೆಳಗ್ಗೆ ಬಂದವಳು ಬಕೆಟ್ ಇಟ್ಟು ಆ ನಲ್ಲಿ ತೆರೆದು, ಬಟ್ಟೆ ಬದಲಾಯಿಸಲು ಹೋಗುತ್ತೇನೆ. ಬರುವಷ್ಟರಲ್ಲಿ ತುಂಬಿರುತ್ತದೆ, ಬೆಚ್ಚಗಿರುತ್ತದೆ. ಮುಖ ತೊಳೆಯುತ್ತೇನೆ. ಭಾನುವಾರ ಲಾಂಡ್ರಿ ಮುಚ್ಚಿ ಪೈಪು ತಣ್ಣಗಾಗುವುದರಿಂದ ಸೋಮವಾರ ಎರಡು ಬಕೆಟ್ ತಣ್ಣೀರು ಬರುತ್ತದೆ, ಚೆಲ್ಲುತ್ತೇನೆ. ನೀರು ಪೂರ್ತಿ ನಿಂತ ಮೇಲೆ ನಲ್ಲಿ ಮುಚ್ಚುತ್ತೇನೆ. ಇದನ್ನು ನಾನು ಕೆಲಸ ಎಂದು ಒಂದು ದಿನವೂ ಅಂದುಕೊಂಡಿಲ್ಲ. ನನ್ನ ಮುಖ, ನನ್ನ ನೀರು.

ನಲ್ಲಿ ತಿರುಗಿಸಿದೆ. ಬಕೆಟ್ ತುಂಬಿತು. ಚೆಲ್ಲಿದೆ. ಮತ್ತೆ ತುಂಬಿತು. ತಣ್ಣಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಫಿಟ್ಟರ್ ಬಂದು ಆ ಡಬ್ಬಿ ಬಿಚ್ಚಿದ. ಒಳಗೆಲ್ಲ ತುಕ್ಕು, ಕಟ್ಟಿಕೊಂಡಿತ್ತು. "ಇದು ಕೆಟ್ಟು ಹದಿನೈದು ವರ್ಷಕ್ಕೆ ಕಮ್ಮಿ ಇಲ್ಲ. ಇಷ್ಟು ದಿನ ನೀರು ಎಲ್ಲಿಗೆ ಹೋಗ್ತಿತ್ತಮ್ಮ?" ಎಂದ. ನನ್ನ ಮುಖಕ್ಕೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ನಿನಗೂ ಮೊದ್ದುಗೂ ಪಾಠ ಶುರು ಮಾಡಿದ್ದು ವಾಲ್ವಿನ ಮುಂದೆ ನಿಲ್ಲಿಸಿ. ಅಷ್ಟು ಹೊತ್ತಿಗೆ ನನ್ನ ಮುಖ ತೊಳೆದು ಆಗಿರುತ್ತಿತ್ತು. ಮುಖ ತೊಳೆಯುತ್ತೇನೆ ಎಂದು ಫೆಬ್ರವರಿಯಲ್ಲಿ ನಿನಗೆ ಬರೆದೂ ಇದ್ದೆ. ಬರೆದು ನಿನ್ನನ್ನೇ ಆಡಿಕೊಂಡಿದ್ದೆ.

ನೀನು ಸುಳ್ಳು ಹೇಳಿರಲಿಲ್ಲ. ಅವಸರವನ್ನೂ ಪಟ್ಟಿರಲಿಲ್ಲ. ನಾನು ಕಲಿಸಿದ ಹಾಗೇ ಮಾಡಿದೆ. ಅದಕ್ಕೇ ನಿನ್ನ ಕೈ ಹೋಯಿತು.

ಅಕ್ಕ


ಏಪ್ರಿಲ್ ೨೪

ಅಕ್ಕನಿಗೆ,

ಓದಿಸಿ ಕೇಳಿದೆ. ಆಮೇಲೂ ಎಷ್ಟೋ ಸಲ ಓದಿಸಿದೆ, ಅದಕ್ಕೇ ಇಷ್ಟು ದಿನವಾಯಿತು. ಹನ್ನೊಂದು ವರ್ಷ ದಿನಕ್ಕೊಂದು ಸಲವಾದರೂ ಆ ಅರವತ್ತನ್ನು ಎಣಿಸಿದ್ದೇನೆ. ಬೇಗ ಎಣಿಸಿದೆನೇನೋ, ನೀನು ಹೇಳಿದ್ದೇ ನಿಜವೇನೋ ಎಂದು ಒಂದೊಂದು ದಿನ ನನಗೇ ಅನ್ನಿಸಿಬಿಡುತ್ತಿತ್ತು. ಅದಕ್ಕೆ ನಿನ್ನನ್ನು ಏನು ಮಾಡಬೇಕು ಹೇಳು.

ನನಗೆ ಕಾಗದ ಬರೆದರೆ ಸಾಲದು. ಸುಳ್ಳುಗಾರ ಎಂದಿದ್ದು ಎಲ್ಲರ ಮುಂದೆ.

ತಮ್ಮ

ಅತ್ತಿಗೆ, ಕಾಗದ ಓದಿದ ದಿನ ಅವರು ಊಟದ ಮಧ್ಯೆ ಎದ್ದು ಬೀದಿಯ ಕೊನೆಯವರೆಗೆ ಹೋಗಿ ಬಂದರು, ಮತ್ತೆ ಹೋದರು. ಸಂಜೆಯವರೆಗೂ ಅದೇ. ಫೋನ್ ಮಾಡಬೇಡಿ. ಬರೆಯಿರಿ.


ಮೇ ೩೦

ತಮ್ಮನಿಗೆ,

ನಿನ್ನೆ ನನ್ನನ್ನು ಬೀಳ್ಕೊಟ್ಟರು. ಇಸ್ತ್ರಿ ಹಾಲಿನಲ್ಲಿ ಕುರ್ಚಿ ಹಾಕಿದ್ದರು, ಕೈಗೊಂದು ಹೂಗುಚ್ಛ ಕೊಟ್ಟರು. ಮ್ಯಾನೇಜರ್ ನನ್ನನ್ನು ಹೊಗಳಿ ಮುಗಿಸಿ, ಆ ಸಹಿಯ ಕಾಗದದ ಇನ್ನೊಂದು ಪ್ರತಿ ಮುಂದಿಟ್ಟ.

ಎದ್ದು ನಿಂತೆ. ಮೊಣಕಾಲು ಹಿಡಿದುಕೊಂಡಿತು, ಆದರೂ ನಿಂತೇ ಹೇಳಿದೆ. ಹನ್ನೊಂದು ವರ್ಷದ ಹಿಂದೆ ಇದೇ ಹಾಲಿನಲ್ಲಿ ನನ್ನ ತಮ್ಮನನ್ನು ಸುಳ್ಳುಗಾರ ಎಂದೆ, ಸುಳ್ಳು ಹೇಳಿದವಳು ನಾನು, ನನಗೇ ಗೊತ್ತಿಲ್ಲದೆ ಹೇಳಿದೆ ಎಂದೆ.

"ಅಮ್ಮ, ಸಂತೋಷದ ದಿನ, ಆ ಹಳೇ ಫೈಲೆಲ್ಲ ಈಗ್ಯಾಕೆ?" ಎಂದ ಮ್ಯಾನೇಜರ್.

"ನಿನಗೆ ಹಳೇದು. ಅವನಿಗೆ ದಿನಾ ಹೊಸದು. ಕೂತ್ಕೊ" ಎಂದೆ. ಕೂತ.

ಆಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ನೀನು ಎಳೆದವಳು. ಈಗ ತಲೆಯೆಲ್ಲ ಬೆಳ್ಳಗಾಗಿದೆ. "ನಾನು ಆಗಲೇ ಹೇಳಕ್ಕೆ ಬಂದಿದ್ದೆ ಅಕ್ಕಾ. ನಿಮ್ಮ ಬಾಯಿಗೆ ಹೆದರಿ ವಾಪಸ್ ಹೋದೆ" ಎಂದಳು.

"ಏನನ್ನೂ ಬಿಟ್ಟಿಲ್ಲ" ಎನ್ನುವುದನ್ನು ಅಡ್ಡಗೆರೆ ಎಳೆದು ಹೊಡೆದೆ. ಕೆಳಗೆ ನಡೆದಿದ್ದನ್ನು ನಡೆದ ಹಾಗೇ ಬರೆದು ಸಹಿ ಹಾಕಿದೆ. ನಿನ್ನ ಹಳೆಯ ಫೈಲಿಗೂ ಒಂದು ಹಾಳೆ ಬರೆದೆ. ಮ್ಯಾನೇಜರ್ ಮೇಲಿನವರನ್ನು ಕೇಳಬೇಕು ಎಂದು ಎಳೆದಾಡಿದ. ಅದಕ್ಕೆ ಮುದ್ರೆ ಬೀಳುವವರೆಗೆ ಈ ಕುರ್ಚಿಯಿಂದ ಏಳುವುದಿಲ್ಲ ಎಂದೆ. ಇಸ್ತ್ರಿಯವರೂ ಒಬ್ಬರೂ ಏಳಲಿಲ್ಲ. ಮುದ್ರೆ ಬಿತ್ತು. ಹಾಳೆಯ ಪ್ರತಿ ಇದರ ಜೊತೆಗಿದೆ. ಇಟ್ಟುಕೊಳ್ಳುತ್ತೀಯೋ ಹರಿಯುತ್ತೀಯೋ ನಿನಗೆ ಬಿಟ್ಟಿದ್ದು.

ಪಕ್ಕದ ನಲ್ಲಿಗೂ ಮೋಟಾರು ಕೂರಿಸಿ, ಡಬ್ಬಿ ಹೊಸದು ಹಾಕಿದ್ದಾರೆ. ಆದರೂ ಮೊದ್ದುಗೆ ಕೊನೆಯ ಪಾಠ ಹೇಳಿ ಬಂದೆ. ಒಂದನೆಯ ಹೆಜ್ಜೆ: ಪೈಪಿನ ಕೊನೆಯ ನಲ್ಲಿ ತೆರೆದು ನೀರು ಪೂರ್ತಿ ನಿಲ್ಲುವವರೆಗೆ ಕಾಯುವುದು. ಆರನೆಯದು: ಕೊಡ ಉರುಳುವ ಸದ್ದು ಕೇಳಿದರೆ ನಿಲ್ಲುವುದು, ಯಾರು ಎಷ್ಟು ಬೈದರೂ ಮುಂದುವರಿಸಬಾರದು. "ಆರನೆಯ ಹೆಜ್ಜೆಯನ್ನು ಕಲಿಸಿದವರು ಯಾರೆಂದು ಬರೆದುಕೊಳ್ಳಲಿ?" ಎಂದು ಕೇಳಿತು. ನಿನ್ನ ಹೆಸರು ಬರೆಸಿದೆ.

ಇಂದು ಬೆಳಗ್ಗೆ ನಾಲ್ಕಕ್ಕೇ ಎಚ್ಚರವಾಯಿತು. ಹೋಗಲು ಎಲ್ಲಿಯೂ ಇಲ್ಲ. ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಆಮೇಲೆ ಕೂತು ಇದನ್ನು ಬರೆದೆ.

ಬರುವ ಸೋಮವಾರ ಮೊದಲ ಬಸ್ಸಿಗೆ ಹೊರಟು ನಿಮ್ಮಲ್ಲಿಗೆ ಬರುತ್ತೇನೆ. ಕ್ಷಮಿಸು ಎಂದು ಬಾಯಿಬಿಟ್ಟು ಕೇಳಲು ನನಗೆ ಬರುವುದಿಲ್ಲ. ಅದನ್ನು ಯಾರೂ ಕಲಿಸಿಲ್ಲ, ನಾನೂ ಕಲಿತಿಲ್ಲ. ಬಾಗಿಲ ಹೊರಗೆ ಒಂದು ಬಕೆಟ್ ನೀರು ಇಟ್ಟಿರು. ಇದ್ದರೆ ಮುಖ ತೊಳೆದು ಒಳಗೆ ಬರುತ್ತೇನೆ. ಇಲ್ಲದಿದ್ದರೆ ಬಾಗಿಲು ತಟ್ಟುವುದಿಲ್ಲ, ಮುಂದಿನ ಬಸ್ಸಿಗೆ ವಾಪಸ್ಸು.

ತಣ್ಣೀರಾದರೂ ಸರಿ.

ಅಕ್ಕ